ಸ್ಟಲೋನ್‌ನ ಫ್ರೆಂಚ್ ಕಂಠ ಯಾರ ಸ್ವತ್ತು?

2025ರ ಜನವರಿಯಲ್ಲಿ ಇಲೆವೆನ್‌ಲ್ಯಾಬ್ಸ್ ಎಂಬ ಎಐ ಧ್ವನಿ ಕಂಪನಿಯೂ ಲೂಮಿಯೇರ್ ವೆಂಚರ್ಸ್ ಎಂಬ ನಿರ್ಮಾಣ ಸಂಸ್ಥೆಯೂ ಸೇರಿ ಒಂದು ಘೋಷಣೆ ಮಾಡಿದವು. ಸಿಲ್ವೆಸ್ಟರ್ ಸ್ಟಲೋನ್ ನಟಿಸಿದ ‘ಆರ್ಮರ್’ ಚಿತ್ರದ ಫ್ರೆಂಚ್ ಆವೃತ್ತಿಯಲ್ಲಿ, ದಶಕಗಳ ಕಾಲ ಸ್ಟಲೋನ್‌ಗೆ ಫ್ರೆಂಚ್ ಕಂಠ ಕೊಟ್ಟಿದ್ದ ಡಬ್ಬಿಂಗ್ ಕಲಾವಿದ ಅಲೇನ್ ದೊರ್ವಾಲ್ ಅವರ ದನಿ ಮತ್ತೆ ಕೇಳಿಸಲಿದೆ, ಅದನ್ನು ಯಂತ್ರ ಮರುಸೃಷ್ಟಿಸಲಿದೆ ಎಂಬುದು ಅದರ ಸಾರ. ದೊರ್ವಾಲ್ ತೀರಿಕೊಂಡು ಆಗ ಹನ್ನೊಂದು ತಿಂಗಳಾಗಿತ್ತು. ಮಾದರಿಗೆಂದು ಬಿಟ್ಟ ತುಣುಕನ್ನು ಕೇಳಿದವರಲ್ಲಿ ಬಹಳ ಮಂದಿ, ಕಂಠ ಅವರದ್ದೇ ಹೌದು, ಆದರೆ ಮಾತಿನಲ್ಲಿ ಜೀವವಿಲ್ಲ ಎಂದರು. ಫ್ರಾನ್ಸ್‌ನ ಡಬ್ಬಿಂಗ್ ಕಲಾವಿದರು ಸಿಟ್ಟಿಗೆದ್ದರು.

ದೊರ್ವಾಲ್ ಅವರ ಮಗಳು ಒರೋರ್ ಬೆರ್ಜೆ ಆಗ ಫ್ರಾನ್ಸ್ ಸರ್ಕಾರದಲ್ಲಿ ಸ್ತ್ರೀ-ಪುರುಷ ಸಮಾನತೆಯ ಖಾತೆಯ ಸಚಿವೆ. ಮನೆಯವರು ಒಪ್ಪಿದ್ದು ಒಂದು ಪರೀಕ್ಷೆಗೆ ಮಾತ್ರ, ಬಳಸುವ ಮುನ್ನ ಕೊನೆಯ ಮಾತು ತನ್ನದೂ ತಾಯಿಯದೂ ಆಗಿರಬೇಕು ಎಂಬುದು ಒಪ್ಪಂದದಲ್ಲಿದೆ, ತಮ್ಮ ಸಮ್ಮತಿಯಿಲ್ಲದೆ ಏನೂ ನಡೆಯುವಂತಿಲ್ಲ ಎಂದು ಅವರು ಸಾರ್ವಜನಿಕವಾಗಿ ತಿಳಿಸಿದರು. ಘೋಷಣೆಯಲ್ಲಿ ಆಗಿಯೇ ಹೋದಂತೆ ಕಂಡದ್ದು ವಾಸ್ತವದಲ್ಲಿ ಇನ್ನೂ ಒಪ್ಪಿಗೆ ಕಾಯುತ್ತಿದ್ದ ಪ್ರಯೋಗ.

ಈ ಪ್ರಕರಣದ ಬಗ್ಗೆ ‘ಯಂತ್ರ ಮನುಷ್ಯನ ಕೆಲಸ ಕಸಿಯುತ್ತಿದೆ’ ಎಂಬಷ್ಟೇ ಮಾತು ಹೆಚ್ಚು ಕೇಳಿಬಂತು. ಆ ಭಯ ನಿಜವೇ. ಆದರೆ ಇದರೊಳಗೆ ಇನ್ನೂ ಮುಖ್ಯವಾದ ಒಂದು ತೊಡಕಿದೆ. ಡಬ್ಬಿಂಗ್ ಕಲಾವಿದ ನಲವತ್ತು ವರ್ಷ ಮಾಡಿದ ಕೆಲಸ ನಟನೆ. ಯಂತ್ರ ತೆಗೆದುಕೊಳ್ಳುವುದು ಕಂಠದ ನಾದವನ್ನು. ಕಾನೂನು ಗಟ್ಟಿಯಾಗಿ ಕಾಯುವುದು ನಟನೆಯನ್ನು, ನಾದಕ್ಕೆ ಅದು ಕೊಡುವ ರಕ್ಷಣೆ ಸಡಿಲ. ಹಾಗಾಗಿ ಯಂತ್ರ ಕೈಹಾಕಿರುವುದು ಬೇಲಿ ತೀರಾ ತೆಳ್ಳಗಿರುವ ಕಡೆಯೇ. ದೊರ್ವಾಲ್ ವೃತ್ತಿಜೀವನವನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ.

ಒಬ್ಬ ಫ್ರೆಂಚ್ ಸ್ಟಲೋನ್ ರೂಪುಗೊಂಡದ್ದು

ದೊರ್ವಾಲ್ ಅವರ ಹುಟ್ಟುಹೆಸರು ಅಲೇನ್ ಬೆರ್ಜೆ. 1946ರಲ್ಲಿ ಅಲ್ಜಿಯರ್ಸ್‌ನಲ್ಲಿ ಹುಟ್ಟಿದರು. ಸ್ಟಲೋನ್ ಹುಟ್ಟಿದ್ದೂ ಅದೇ ವರ್ಷ. ‘ರಾಕಿ’ 1977ರಲ್ಲಿ ಫ್ರಾನ್ಸ್‌ನ ಚಿತ್ರಮಂದಿರಗಳಿಗೆ ಬಂದಾಗ ಇಬ್ಬರಿಗೂ ಮೂವತ್ತರ ಆಸುಪಾಸು. ಅಲ್ಲಿಯ ಪ್ರೇಕ್ಷಕರಿಗೆ ಸ್ಟಲೋನ್ ಆಗ ಹೊಸ ಮುಖ, ಯಾರೂ ತಾರೆಯೊಬ್ಬನಿಗೆ ಕಂಠ ಹುಡುಕುತ್ತಿರಲಿಲ್ಲ. ಒಂದು ಪಾತ್ರಕ್ಕೆ ಒಬ್ಬ ನಟ ಬೇಕಿತ್ತು, ಅಷ್ಟೆ. ಚಿತ್ರ ಗೆದ್ದಿತು, ಕಂಠ ಮುಖಕ್ಕೆ ಅಂಟಿತು. ಮುಂದಿನ ನಾಲ್ಕು ದಶಕಗಳಲ್ಲಿ ಬೆರಳೆಣಿಕೆಯ ಚಿತ್ರಗಳನ್ನು ಬಿಟ್ಟರೆ ಫ್ರೆಂಚ್ ಸ್ಟಲೋನ್ ಎಂದರೆ ದೊರ್ವಾಲ್. ಡಿಸ್ನಿಯ ಕಾರ್ಟೂನುಗಳಲ್ಲಿ ಮಿಕ್ಕಿಯ ವೈರಿ ಪೀಟ್‌ಗೂ ಫ್ರೆಂಚ್‌ನಲ್ಲಿ ಅವರೇ ಕಂಠ ಕೊಟ್ಟಿದ್ದರು. 2024ರ ಫೆಬ್ರವರಿಯಲ್ಲಿ, 77ನೇ ವಯಸ್ಸಿನಲ್ಲಿ ತೀರಿಕೊಂಡರು.

ಸ್ಟಲೋನ್‌ಗೆ ಕಂಠ ಕೊಡುವುದು ಸುಲಭದ ಕೆಲಸವಲ್ಲ. ಹೆರಿಗೆಯ ವೇಳೆ ಇಕ್ಕುಳದಿಂದ ನರಕ್ಕೆ ಪೆಟ್ಟಾಗಿ ಅವರ ಮುಖದ ಎಡಭಾಗದ ಕೆಳಗಿನ ಸ್ನಾಯುಗಳು ದುರ್ಬಲ. ತುಟಿ ಒಂದು ಕಡೆ ಜೋಲುತ್ತದೆ, ಪದಗಳ ಕೊನೆ ಬಾಯೊಳಗೇ ಉಳಿಯುತ್ತದೆ. ಅಮೆರಿಕದ ಪ್ರೇಕ್ಷಕನಿಗೆ ಆ ತೊದಲೇ ರಾಕಿಯ ಗುರುತು. ಫಿಲಡೆಲ್ಫಿಯಾದ ಬಡ ಬೀದಿಯ, ಹೆಚ್ಚು ಓದದ ಬಾಕ್ಸರ್ ಹೀಗೆಯೇ ಮಾತಾಡುತ್ತಾನೆ ಎಂದು ಅವನು ನಂಬುತ್ತಾನೆ. ಆ ತೊದಲನ್ನು ಫ್ರೆಂಚ್‌ನಲ್ಲಿ ಹಾಗೇ ನಕಲು ಮಾಡಿದರೆ ಅರ್ಥ ಕೆಡುತ್ತದೆ, ಕಲಾವಿದನಿಗೇ ಉಚ್ಚಾರ ಬಾರದು ಎನಿಸುತ್ತದೆ. ದೊರ್ವಾಲ್ ಆ ದಾರಿ ಹಿಡಿಯಲಿಲ್ಲ. ಎದೆಯಿಂದ ಬರುವ ಆಳವಾದ, ತುಸು ಗೊಗ್ಗರು ದನಿಯಲ್ಲಿ ಉಚ್ಚಾರವನ್ನು ಸ್ಪಷ್ಟವಾಗಿಟ್ಟುಕೊಂಡರು. ತೊದಲಿನ ಜಾಗದಲ್ಲಿ ಭಾರ ಬಂತು. ಹಾಗಾಗಿ ಫ್ರೆಂಚ್ ಪ್ರೇಕ್ಷಕನಿಗೆ ತಲುಪಿದ ರಾಕಿ ಮೂಲದ ರಾಕಿಗಿಂತ ಸ್ವಲ್ಪ ಗಂಭೀರ, ಸ್ವಲ್ಪ ಗಟ್ಟಿ. ಇದು ಒಬ್ಬ ನಟ ಮೈಕಿನ ಮುಂದೆ ನಿಂತು ಮಾಡಿದ ಆಯ್ಕೆ. ಸ್ಟಲೋನ್‌ನ ಮೂಲ ಧ್ವನಿಪಟ್ಟಿಯಲ್ಲಿ ಅದು ಎಲ್ಲೂ ಇರಲಿಲ್ಲ.

ಒಬ್ಬ ವಿದೇಶಿ ತಾರೆಗೆ ಒಂದೇ ಕಾಯಂ ಕಂಠ ಎಂಬುದು ಫ್ರಾನ್ಸ್‌ನಲ್ಲಿ ಹಳೆಯ ರೂಢಿ. ಬ್ರೂಸ್ ವಿಲ್ಲಿಸ್‌ಗೆ ಪಾತ್ರಿಕ್ ಪುವಾವೆ, ರಾಬರ್ಟ್ ಡಿ ನಿರೋಗೆ ಜಾಕ್ ಫ್ರಾಂಟ್ಸ್, ಹ್ಯಾರಿಸನ್ ಫೋರ್ಡ್‌ಗೆ ರಿಶಾರ್ ದಾರ್ಬುವಾ. ರೋಜೆ ಕಾರೆಲ್ ಅಂತೂ 1967ರಿಂದ 2014ರವರೆಗೆ ಕಾರ್ಟೂನ್ ಚಿತ್ರಗಳ ಆಸ್ಟರಿಕ್ಸ್‌ಗೆ ಕಂಠವಾಗಿದ್ದರು. ಈ ರೂಢಿಗೆ ಕಾಗದದ ಆಧಾರವಿಲ್ಲ ಎಂಬುದನ್ನು ಮರೆಯಬಾರದು. ‘ಮುಂದಿನ ಸ್ಟಲೋನ್ ಚಿತ್ರವೂ ನಿಮಗೇ’ ಎಂದು ಯಾವ ವಿತರಕನೂ ಬರೆದುಕೊಡುವುದಿಲ್ಲ. ಪ್ರತಿ ಚಿತ್ರಕ್ಕೂ ಹೊಸ ಕರೆ, ಹೊಸ ಕರಾರು. ವಿತರಕನಿಗೆ ಬೇಡವೆನಿಸಿದರೆ ಕಂಠಪರೀಕ್ಷೆ ನಡೆಸಿ ಬೇರೆಯವರನ್ನು ತರಬಹುದು. ಕಾಯಂ ಕಂಠವನ್ನು ಉಳಿಸುವುದು ಪ್ರೇಕ್ಷಕನ ಕಿವಿಯ ಅಭ್ಯಾಸವೊಂದೇ.

ಪುವಾವೆ 2020ರಲ್ಲಿ ಹೋದರು, ಅದೇ ವರ್ಷ ಕಾರೆಲ್, 2021ರಲ್ಲಿ ಫ್ರಾಂಟ್ಸ್, 2024ರಲ್ಲಿ ದೊರ್ವಾಲ್. ಒಂದು ತಲೆಮಾರು ಖಾಲಿಯಾಗುತ್ತಿರುವಾಗಲೂ ಪರದೆಯ ಮೇಲೆ ಡಿ ನಿರೋ, ಸ್ಟಲೋನ್ ನಟಿಸುತ್ತಲೇ ಇದ್ದಾರೆ. ಎಐ ಕಂಪನಿಗಳಿಗೆ ಇಲ್ಲಿ ಮಾರುಕಟ್ಟೆ ಕಂಡದ್ದು ಆಶ್ಚರ್ಯವಲ್ಲ.

ಸ್ಟುಡಿಯೊ ಒಳಗೆ

ಫ್ರೆಂಚ್ ಡಬ್ಬಿಂಗ್‌ನ ಬೆನ್ನೆಲುಬು ‘ಬಾಂದ್ ರಿತ್ಮೊ’ ಎಂಬ ಪಟ್ಟಿ. ಪರದೆಯ ಕೆಳಗೆ ಬಲದಿಂದ ಎಡಕ್ಕೆ ಸರಿಯುವ ಈ ಪಟ್ಟಿಯಲ್ಲಿ ಸಂಭಾಷಣೆ ಬರೆದಿರುತ್ತದೆ. ಎಡಬದಿಯಲ್ಲಿ ಒಂದು ಸ್ಥಿರ ಗೆರೆ. ಯಾವ ಅಕ್ಷರ ಆ ಗೆರೆಯನ್ನು ಮುಟ್ಟುತ್ತದೋ ಆ ಕ್ಷಣ ಅದು ನಟನ ಬಾಯಿಂದ ಬರಬೇಕು. ಎಳೆದು ಹೇಳಬೇಕಾದ ಸ್ವರವನ್ನು ಉದ್ದಕ್ಕೆ ಎಳೆದು ಬರೆದಿರುತ್ತಾರೆ, ಬೇಗ ಮುಗಿಸಬೇಕಾದ್ದನ್ನು ಒತ್ತಿ ಬರೆದಿರುತ್ತಾರೆ. ದೊರ್ವಾಲ್ ಈ ಕೆಲಸಕ್ಕೆ ಬಂದ ಕಾಲದಲ್ಲಿ ಅದು ಪಾರದರ್ಶಕ 35 ಎಂಎಂ ಪಟ್ಟಿ, ಚಿತ್ರದ ಎಂಟನೇ ಒಂದರಷ್ಟು ವೇಗದಲ್ಲಿ ಓಡುತ್ತಿತ್ತು, ಶಾಯಿಯಲ್ಲಿ ಕೈಬರಹ. ಈಗ ಕಾಪೆಲ್ಲಾದಂತಹ ಸಾಫ್ಟ್‌ವೇರ್‌ಗಳು ಅದನ್ನೇ ಕಂಪ್ಯೂಟರಿನಲ್ಲಿ ಮಾಡುತ್ತವೆ. ತತ್ವ ಒಂದಿಷ್ಟೂ ಬದಲಾಗಿಲ್ಲ.

ಪಟ್ಟಿ ತಯಾರಾಗುವುದಕ್ಕೆ ಮೊದಲು ಒಬ್ಬರು ಮೂಲ ಚಿತ್ರವನ್ನು ನಿಧಾನಗತಿಯಲ್ಲಿ ನೋಡಿ ಬಾಯಿಯ ಚಲನೆಯನ್ನು ಗುರುತು ಹಾಕುತ್ತಾರೆ. ಮಾತು ಶುರುವಾಗುವುದು ಎಲ್ಲಿ, ನಿಲ್ಲುವುದು ಎಲ್ಲಿ, ಎರಡು ತುಟಿಯೂ ಮುಚ್ಚುವ ಪ, ಬ, ಮ ಎಲ್ಲಿ ಬಂತು, ಕೆಳತುಟಿ ಹಲ್ಲಿಗೆ ತಾಗುವ ಫ, ವ ಎಲ್ಲಿ, ಉಸಿರು ಎಲ್ಲಿ, ನಗು ಎಲ್ಲಿ, ನಟ ಎಲ್ಲಿ ಬೆನ್ನು ತಿರುಗಿಸಿದ. ಪ್ರತಿಯೊಂದಕ್ಕೂ ಒಂದು ಚಿಹ್ನೆ ಇದೆ. ಆಮೇಲೆ ಸಂಭಾಷಣೆಕಾರರು ಅದರ ಮೇಲೆ ಫ್ರೆಂಚ್ ಮಾತು ಕೂರಿಸುತ್ತಾರೆ. ಫ್ರೆಂಚ್ ವಾಕ್ಯ ಸಾಮಾನ್ಯವಾಗಿ ಇಂಗ್ಲಿಷಿನದಕ್ಕಿಂತ ಉದ್ದವಾಗುತ್ತದೆ, ಹಾಗಾಗಿ ಕತ್ತರಿಸುವ ಕೆಲಸವೇ ಹೆಚ್ಚು. ಇನ್ನು ತುಟಿಯ ತೊಂದರೆ. ಇಂಗ್ಲಿಷಿನ ‘ಸ್ಟಾಪ್’ ತುಟಿ ಮುಚ್ಚಿ ಮುಗಿಯುತ್ತದೆ. ಅದೇ ಅರ್ಥದ ಫ್ರೆಂಚ್ ‘ಅರೆತ್’ ಮುಗಿಯುವಾಗ ತುಟಿ ತೆರೆದೇ ಇರುತ್ತದೆ. ದೂರದ ಶಾಟ್‌ನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಮುಖ ಪರದೆ ತುಂಬಿದ್ದರೆ ಮಾತ್ರ ಇಡೀ ವಾಕ್ಯವನ್ನೇ ತಿರುಗಿಸಿ ಆ ಜಾಗಕ್ಕೆ ಒಂದು ಪ, ಬ ಅಥವಾ ಮ ಬೀಳುವಂತೆ ಮಾಡಬೇಕು, ಅದೂ ಅರ್ಥ ಕೆಡದಂತೆ. ಫ್ರೆಂಚ್ ಕಾನೂನು ಈ ಸಂಭಾಷಣೆಕಾರರನ್ನು ಲೇಖಕರೆಂದೇ ಪರಿಗಣಿಸುತ್ತದೆ. ಬರೆದು ಮುಗಿಸಿದ ಮೇಲೆ ಅವರು ನಿರ್ದೇಶಕ ಮತ್ತು ವಿತರಕರ ಮುಂದೆ ಚಿತ್ರ ಓಡಿಸಿ, ಎಲ್ಲ ಪಾತ್ರಗಳ ಮಾತನ್ನೂ ತಾವೇ ಆಡಿ ತೋರಿಸುವ ಪದ್ಧತಿಯೂ ಇದೆ. ತಪ್ಪು ಸಿಕ್ಕಿಬೀಳುವುದು ಹೆಚ್ಚಾಗಿ ಅಲ್ಲಿಯೇ.

ಚಿತ್ರವನ್ನು ಸುಮಾರು ಒಂದು ನಿಮಿಷದ, ಅದಕ್ಕೂ ಕಡಿಮೆಯ ತುಣುಕುಗಳಾಗಿ ಕತ್ತರಿಸುತ್ತಾರೆ. ಯಾವ ತುಣುಕಿನಲ್ಲಿ ಯಾವ ಪಾತ್ರಕ್ಕೆ ಎಷ್ಟು ಸಾಲು ಎಂದು ಅಡ್ಡ-ಉದ್ದ ಗೆರೆಯ ಕೋಷ್ಟಕ ಮಾಡಿ, ಯಾರನ್ನು ಯಾವ ದಿನ ಕರೆಯಬೇಕು ಎಂಬುದನ್ನು ಅದರಿಂದ ನಿರ್ಧರಿಸುತ್ತಾರೆ. ನಟನಿಗೆ ಸ್ಕ್ರಿಪ್ಟ್ ಮೊದಲೇ ಸಿಗುವುದು ಅಪರೂಪ. ಸ್ಟುಡಿಯೊಗೆ ಬಂದು, ತುಣುಕನ್ನು ಮೂಲ ಭಾಷೆಯಲ್ಲಿ ಒಮ್ಮೆ ನೋಡಿ, ನಿರ್ದೇಶಕರಿಂದ ಸನ್ನಿವೇಶ ಕೇಳಿ, ನೇರವಾಗಿ ಟೇಕ್‌ಗೆ ಇಳಿಯಬೇಕು. ಮೈಕಿನಿಂದ ಒಂದೇ ಅಂತರ ಉಳಿಯಲೆಂದು ಮುಂದೆ ಒಂದು ಅಡ್ಡಕಂಬಿ ಇರುತ್ತದೆ. ನಟರು ಅದರ ಹಿಂದೆ ನಿಂತೇ ಮಾತಾಡುತ್ತಾರೆ, ಏಕೆಂದರೆ ಕುಳಿತ ಹೊಟ್ಟೆಯಿಂದ ಓಡುವವನ ಉಸಿರು ಬರುವುದಿಲ್ಲ.

ಈ ಪದ್ಧತಿಯಲ್ಲಿ ಕೆಲಸ ಕೆಡುವುದು ಒಂದು ನಿರ್ದಿಷ್ಟ ರೀತಿಯಲ್ಲಿ. ಪಟ್ಟಿ ನಿಖರವಾಗಿರುವುದರಿಂದ ಅದನ್ನು ಓದಿದರೆ ತುಟಿ ಹೊಂದಿಕೆ ತಾನಾಗಿ ಬರುತ್ತದೆ. ಹೊಸಬರ ಕಣ್ಣು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಫಲಿತಾಂಶ ತಪ್ಪಿಲ್ಲದ, ಜೀವವಿಲ್ಲದ ಓದು. ಅನುಭವಿ ಕಲಾವಿದ ಪಟ್ಟಿಯಲ್ಲಿ ಗೆರೆಗಿಂತ ಎರಡು ಪದ ಮುಂದೆ ಓದಿಕೊಂಡು, ಮಾತು ಹೊರಡುವ ಹೊತ್ತಿಗೆ ಪರದೆಯ ಮೇಲಿನ ಕಣ್ಣನ್ನು ನೋಡುತ್ತಿರುತ್ತಾನೆ. ಭಾವ ಸಿಗುವುದು ಅಲ್ಲಿಂದ. ಹಿಂದೆ ಒಂದೇ ದೃಶ್ಯದ ಇಬ್ಬರು ಮೂವರು ಒಟ್ಟಿಗೆ ಮೈಕಿನ ಮುಂದೆ ನಿಂತು ಆಡುತ್ತಿದ್ದರು, ಒಬ್ಬರ ಮಾತಿನ ಬಿಸಿ ಇನ್ನೊಬ್ಬರಿಗೆ ತಟ್ಟುತ್ತಿತ್ತು. ಖರ್ಚು ಮತ್ತು ದಿನಗಳ ಒತ್ತಡದಿಂದ ಇಂದು ಬಹಳಷ್ಟು ಸಲ ಒಬ್ಬೊಬ್ಬರನ್ನೇ ಕರೆದು ರೆಕಾರ್ಡ್ ಮಾಡುತ್ತಾರೆ. ಎಐ ಬರುವ ಮೊದಲೇ ಗುಣಮಟ್ಟಕ್ಕೆ ಬಿದ್ದ ಪೆಟ್ಟು ಅದು. ಯಂತ್ರವನ್ನು ದೂರುವವರು ಇದನ್ನೂ ಒಪ್ಪಿಕೊಳ್ಳಬೇಕು.

ಸ್ಟಲೋನ್ ಚಿತ್ರಗಳಲ್ಲಿ ಮಾತಿಗಿಂತ ಕಷ್ಟದ್ದು ಮಾತಿಲ್ಲದ ಭಾಗ. ಗುದ್ದು ತಿಂದ ನರಳಿಕೆ, ಎತ್ತುವ ಭಾರದ ಉಸಿರು, ಬೀಳುವ ಕೂಗು. ‘ರಾಕಿ’ಯ ಕೊನೆಯಲ್ಲಿ ಊದಿದ ಕಣ್ಣುಗಳ ಬಾಕ್ಸರ್ ಗದ್ದಲದ ನಡುವೆ ಗೆಳತಿ ಏಡ್ರಿಯನ್ ಹೆಸರನ್ನು ಮತ್ತೆ ಮತ್ತೆ ಕೂಗುತ್ತಾನೆ. ಪ್ರತಿ ಕೂಗಿನಲ್ಲೂ ದಣಿವು ಬೇರೆ, ಹುಡುಕಾಟ ಬೇರೆ. ಗಂಟಲು ಕೆಡುವ ಇಂತಹ ಭಾಗಗಳನ್ನು ಸಾಧ್ಯವಾದಷ್ಟೂ ದಿನದ ಕೊನೆಗೆ ಇಟ್ಟುಕೊಳ್ಳುತ್ತಾರೆ, ಇಲ್ಲದಿದ್ದರೆ ಉಳಿದ ಸಂಭಾಷಣೆಗೆ ದನಿ ಉಳಿಯುವುದಿಲ್ಲ.

ಸಾಲಿನ ಲೆಕ್ಕ, ಮುಷ್ಕರದ ಲೆಕ್ಕ

ಫ್ರಾನ್ಸ್‌ನಲ್ಲಿ ಈ ಕಸುಬು ಇಷ್ಟು ಗಟ್ಟಿಯಾಗಿ ಉಳಿದಿರುವುದಕ್ಕೆ ಪ್ರೇಕ್ಷಕರ ಪ್ರೀತಿಯಷ್ಟೇ ಕಾನೂನೂ ಕಾರಣ. ಚಿತ್ರಮಂದಿರದಲ್ಲಿ ತೋರಿಸುವ ವಿದೇಶಿ ಚಿತ್ರದ ಫ್ರೆಂಚ್ ಡಬ್ಬಿಂಗ್ ಫ್ರಾನ್ಸ್‌ನಲ್ಲೇ ನಡೆಯಬೇಕು ಎಂಬ ನಿಯಮ 1932ರಲ್ಲಿ ಬಂತು. ಮುಂದೆ ಅದನ್ನು ಯುರೋಪಿನ ಸ್ಟುಡಿಯೊಗಳಿಗೆ ವಿಸ್ತರಿಸಿದರು. ಕೆನಡಾದ ಕ್ವೆಬೆಕ್‌ನಲ್ಲಿ ಮಾಡಿದ ಫ್ರೆಂಚ್ ಡಬ್ಬಿಂಗ್‌ಗೆ ಈ ಬಾಗಿಲು ತೆರೆಯದೆ ಹೋದದ್ದು ಅಲ್ಲಿಯವರ ಹಳೆಯ ಕೊರಗು.

ನಟರಿಗೆ ಸಂಭಾವನೆ ಸಾಲಿನ ಲೆಕ್ಕದಲ್ಲಿ. ಖಾಲಿ ಜಾಗವೂ ಸೇರಿ 50 ಅಕ್ಷರಕ್ಕೆ ಒಂದು ಸಾಲು. ಚಿತ್ರಮಂದಿರದ ಕೆಲಸಕ್ಕೆ ಒಂದು ದರ, ಟಿ.ವಿ.ಗೆ ಇನ್ನೊಂದು. ಸಾಲು ಎಷ್ಟೇ ಕಡಿಮೆಯಿದ್ದರೂ ಕರೆಸಿದ್ದಕ್ಕೆ ಕನಿಷ್ಠ ಮೊತ್ತ ಕೊಡಲೇಬೇಕು. ಇವರು ಕಾಯಂ ನೌಕರರಲ್ಲ. ಹನ್ನೆರಡು ತಿಂಗಳಲ್ಲಿ 507 ಗಂಟೆ ಕೆಲಸ ತೋರಿಸಿದರೆ ಕೆಲಸವಿಲ್ಲದ ದಿನಗಳಿಗೆ ನಿರುದ್ಯೋಗ ಭತ್ಯೆ ಸಿಗುತ್ತದೆ. ಯಂತ್ರ ಇಡೀ ಚಿತ್ರಗಳನ್ನು ನುಂಗಬೇಕೆಂದೇನಿಲ್ಲ, ಸಣ್ಣ ಪಾತ್ರಗಳ, ಗುಂಪಿನ ದನಿಗಳ, ಸಾಕ್ಷ್ಯಚಿತ್ರಗಳ ಕೆಲಸ ನುಂಗಿದರೂ ಸಾಕು, ಬಹಳಷ್ಟು ಜನ 507ಕ್ಕೆ ಮುಟ್ಟಲಾರರು. ತಾರೆಯ ಕಂಠಕ್ಕಿಂತ ಮೊದಲು ಅಪಾಯಕ್ಕೆ ಸಿಗುವುದು ಈ ಹೆಸರಿಲ್ಲದ ಕೆಲಸವೇ. ಹೊಸಬರು ಕಸುಬು ಕಲಿಯುವುದೂ ಅಲ್ಲೇ.

1985ರ ಜುಲೈ 3ರ ಕಾನೂನು ಪ್ರದರ್ಶಕ ಕಲಾವಿದರ ಹಕ್ಕನ್ನು ಫ್ರಾನ್ಸ್‌ನಲ್ಲಿ ಸ್ಥಾಪಿಸಿತು. ಆದರೆ ಡಬ್ಬಿಂಗ್ ಮಾಡಿದ ಚಿತ್ರ ಟಿ.ವಿ.ಯಲ್ಲಿ ಮರುಪ್ರಸಾರವಾದಾಗಲೂ, ಕ್ಯಾಸೆಟ್ಟಾಗಿ ಮಾರಾಟವಾದಾಗಲೂ ಕಂಠ ಕೊಟ್ಟವರಿಗೆ ಪಾಲು ಬರುತ್ತಿರಲಿಲ್ಲ. 1994ರ ಅಕ್ಟೋಬರಿನಲ್ಲಿ ಅವರು ಮುಷ್ಕರ ಹೂಡಿದರು. ಅದು ಮುಂದಿನ ವರ್ಷದ ಆರಂಭದವರೆಗೆ ಎಳೆಯಿತು. ಆ ತಿಂಗಳುಗಳಲ್ಲಿ ಪ್ರೇಕ್ಷಕರು ಕೆಲವು ಪರಿಚಿತ ಮುಖಗಳಿಗೆ ಅಪರಿಚಿತ ಕಂಠ ಕೇಳಬೇಕಾಯಿತು. ನಂತರದ ಮಾತುಕತೆಗಳು, 2005ರಲ್ಲಿ ಪರಿಷ್ಕೃತ ರೂಪ ಪಡೆದ ಡಬ್ಬಿಂಗ್ ಹಕ್ಕುಗಳ ಒಪ್ಪಂದ, ಇವೆಲ್ಲದರ ಹಿಂದೆ ಆ ಮುಷ್ಕರವಿದೆ. ಇಂದು ‘ನಮ್ಮ ಫ್ರೆಂಚ್ ಆವೃತ್ತಿಯನ್ನು ಮುಟ್ಟಬೇಡಿ’ ಎಂಬ ಘೋಷಣೆಯಡಿ ‘ಲೆ ವುವಾ’ ಎಂಬ ಕಲಾವಿದರ ಸಂಘಟನೆ ನಡೆಸುತ್ತಿರುವ ಅಭಿಯಾನ ಬರಿಗೈಯಲ್ಲಿ ಶುರುವಾದದ್ದಲ್ಲ. ನಟರು, ಸಂಭಾಷಣೆಕಾರರು, ತಂತ್ರಜ್ಞರು ಸೇರಿ ಸುಮಾರು 15,000 ಉದ್ಯೋಗಗಳು ಈ ಕ್ಷೇತ್ರದಲ್ಲಿವೆ ಎಂಬುದು ಆ ಅಭಿಯಾನ ಮುಂದಿಡುವ ಲೆಕ್ಕ.

ಯಂತ್ರ ಮಾಡುವುದು ಏನು

‘ಎಐ ಡಬ್ಬಿಂಗ್’ ಎಂಬ ಒಂದೇ ಹೆಸರಿನಡಿ ಮೂರು ಬೇರೆ ಬೇರೆ ಕೆಲಸಗಳಿವೆ. ಒಂದರಲ್ಲಿ ಬರಹ ಕೊಟ್ಟರೆ ಯಂತ್ರ ತಾನೇ ಒಂದು ಕಂಠದಲ್ಲಿ ಓದುತ್ತದೆ, ಇಲ್ಲಿ ನಟನೇ ಇಲ್ಲ. ಎರಡನೆಯದರಲ್ಲಿ ಒಬ್ಬ ನಟ ಸ್ಟುಡಿಯೊದಲ್ಲಿ ಫ್ರೆಂಚ್‌ನಲ್ಲಿ ಅಭಿನಯಿಸುತ್ತಾನೆ, ಯಂತ್ರ ಅವನ ದನಿಯ ಮೇಲೆ ಇನ್ನೊಬ್ಬರ ನಾದವನ್ನು ಹೊದಿಸುತ್ತದೆ. ಏರಿಳಿತ, ಉಸಿರು, ನಿಲುಗಡೆ ಮೊದಲನೆಯವನದು, ಬಣ್ಣ ಎರಡನೆಯವನದು. ಮೂರನೆಯದು ಮೂಲ ನಟನ ಕಂಠದಲ್ಲೇ ಬೇರೆ ಭಾಷೆ ಮಾತಾಡಿಸುವುದು. ಸ್ಟಲೋನ್‌ನ ಸ್ವಂತ ದನಿಯೇ ಫ್ರೆಂಚ್ ಆಡುವಂತಾದರೆ ಅಲ್ಲಿ ದೊರ್ವಾಲ್‌ಗಳಿಗೆ ಜಾಗವೇ ಇಲ್ಲ. ಕಲಾವಿದರ ದೃಷ್ಟಿಯಿಂದ ಈ ಮೂರರ ಪರಿಣಾಮ ಒಂದೇ ಅಲ್ಲ. ಎರಡನೆಯದರಲ್ಲಿ ಕನಿಷ್ಠ ಒಬ್ಬ ನಟನಿಗೆ ಕೂಲಿ ಇದೆ, ಆದರೆ ಅವನ ಹೆಸರು ಅಳಿಸಿಹೋಗುವ ಅಪಾಯವೂ ಇದೆ. ಕರಾರಿನಲ್ಲಿ ಬರೀ ‘ಎಐ’ ಎಂದು ಬರೆದರೆ ಸಾಲದು, ಯಾವ ಕೆಲಸ ಎಂದು ಹೆಸರಿಸಬೇಕು ಎನ್ನುವುದು ಇದಕ್ಕೇ.

ತೀರಿಕೊಂಡವರ ಕಂಠ ಕಟ್ಟುವುದಕ್ಕೆ ಸಾಮಗ್ರಿ ಬೇಕು. ಬಿಡುಗಡೆಯಾದ ಚಿತ್ರದ ಧ್ವನಿಪಟ್ಟಿಯಲ್ಲಿ ಮಾತಿನ ಜೊತೆ ಸಂಗೀತ, ಗುಂಡಿನ ಸದ್ದು, ಕೋಣೆಯ ಪ್ರತಿಧ್ವನಿ ಬೆರೆತಿರುತ್ತವೆ. ತಂತ್ರದಿಂದ ಬೇರ್ಪಡಿಸಿದರೂ ಸ, ಶ, ಫದಂತಹ ಅಕ್ಷರಗಳ ಅಂಚು ಸವೆಯುತ್ತದೆ. ಒಳ್ಳೆಯ ಸಾಮಗ್ರಿ ಎಂದರೆ ಮಿಶ್ರಣಕ್ಕೆ ಮುಂಚಿನ ಒಣ ರೆಕಾರ್ಡಿಂಗ್. ಅದು ಸ್ಟುಡಿಯೊ ಅಥವಾ ವಿತರಕರ ಬಳಿ ಇರುತ್ತದೆ, ಕಲಾವಿದನ ಬಳಿ ಇರುವುದಿಲ್ಲ. ಇನ್ನು, ಯಾವ ವಯಸ್ಸಿನ ದೊರ್ವಾಲ್? ನಟನೂ ಕಂಠವೂ ಒಂದೇ ವರ್ಷ ಹುಟ್ಟಿ ಒಟ್ಟಿಗೆ ಮಾಗಿದವರು. ಮೂವತ್ತರ ದನಿಯಿಂದ ಎಪ್ಪತ್ತರ ದನಿಯವರೆಗಿನ ಎಲ್ಲವನ್ನೂ ಯಂತ್ರಕ್ಕೆ ತುಂಬಿದರೆ ಯಾವ ವಯಸ್ಸಿನದೂ ಅಲ್ಲದ ಸರಾಸರಿ ದನಿ ಹುಟ್ಟುತ್ತದೆ. ಕೊನೆಯ ವರ್ಷಗಳದ್ದನ್ನೇ ಆಯ್ದುಕೊಂಡರೆ ಕೂಗು, ಪಿಸುಮಾತು, ಅಳುವಿನ ಮಾದರಿಗಳು ಸಾಲದೆ ಹೋಗಬಹುದು.

ನರಳಿಕೆ ಮತ್ತು ನಗುವಿನಲ್ಲಿ ಯಂತ್ರ ಇನ್ನೂ ಎಡವುತ್ತದೆ, ಏಕೆಂದರೆ ಅವುಗಳಿಗೆ ಬರಹವಿಲ್ಲ. ಇಬ್ಬರು ಒಬ್ಬರ ಮೇಲೊಬ್ಬರು ಮಾತಾಡುವ ಕಡೆಯೂ ಎಡವುತ್ತದೆ. ಇವು ಮುಂದೆ ಸುಧಾರಿಸಬಹುದು, ಸುಧಾರಿಸುತ್ತಲೇ ಇವೆ. ಆದ್ದರಿಂದ ‘ಯಂತ್ರಕ್ಕೆ ಭಾವ ಬರದು’ ಎಂಬುದರ ಮೇಲೆ ಕಲಾವಿದರು ತಮ್ಮ ವಾದವನ್ನು ನಿಲ್ಲಿಸುವುದು ಜಾಣತನವಲ್ಲ. ನಾಳೆ ಭಾವ ಚೆನ್ನಾಗಿ ಬಂದರೂ ‘ಯಾರನ್ನು ಕೇಳಿ ಮಾಡಿದಿರಿ?’ ಎಂಬ ಪ್ರಶ್ನೆ ಹಾಗೇ ಇರುತ್ತದೆ.

ಕಾನೂನು ಎಲ್ಲಿಯವರೆಗೆ ಬರುತ್ತದೆ

ಫ್ರೆಂಚ್ ನ್ಯಾಯಾಲಯಗಳು ಕಂಠದ ಬಗ್ಗೆ ಬಹಳ ಮೊದಲೇ ಯೋಚಿಸಿವೆ. ನಟ ಕ್ಲೋದ್ ಪಿಯೆಪ್ಲು ಅವರ ವಿಶಿಷ್ಟ ದನಿಯನ್ನು ಜಾಹೀರಾತೊಂದರಲ್ಲಿ ಅನುಕರಿಸಿದಾಗ, 1975ರಲ್ಲಿ ಪ್ಯಾರಿಸ್ ನ್ಯಾಯಾಲಯ ಅವರಿಗೆ ರಕ್ಷಣೆ ನೀಡಿತು. 1982ರಲ್ಲಿ ಗಾಯಕಿ ಮರಿಯಾ ಕಾಲಾಸ್ ಪ್ರಕರಣದಲ್ಲಿ ಅದೇ ನ್ಯಾಯಾಲಯ, ಕಂಠ ವ್ಯಕ್ತಿತ್ವದ ಅಂಶ, ಒಂದು ಬಗೆಯ ಧ್ವನಿಚಿತ್ರ ಎಂದು ಹೇಳಿತು. ಎಐ ಹೆಸರೇ ಕೇಳದ ಕಾಲದಲ್ಲಿ ಬಂದ ಈ ಎರಡು ತೀರ್ಪುಗಳು ಇಂದಿನ ವಾದಗಳಿಗೆ ಬುನಾದಿ.

ಆದರೆ ಸಾವಿನ ಬಳಿಕ ಈ ಬುನಾದಿ ಕುಸಿಯುತ್ತದೆ. ಖಾಸಗಿ ಬದುಕಿನ ರಕ್ಷಣೆಗಾಗಿ ದಾವೆ ಹೂಡುವ ಹಕ್ಕು ವ್ಯಕ್ತಿಯೊಂದಿಗೇ ಮುಗಿಯುತ್ತದೆ ಎಂದು ಫ್ರಾನ್ಸ್‌ನ ಸರ್ವೋಚ್ಚ ನ್ಯಾಯಪೀಠವಾದ ಕಸಾಸಿಯೊಂ ಕೋರ್ಟ್ 1999ರಲ್ಲಿ ಹೇಳಿತು. ಯುರೋಪಿನ ದತ್ತಾಂಶ ರಕ್ಷಣಾ ನಿಯಮವೂ ಬದುಕಿರುವವರಿಗೆ ಮಾತ್ರ. ವಾರಸುದಾರರಿಗೆ ದಾಟುವುದು ಪ್ರದರ್ಶಕನ ನೈತಿಕ ಹಕ್ಕು, ಅಂದರೆ ಅವನ ಹೆಸರಿಗೂ ಅಭಿನಯಕ್ಕೂ ಗೌರವ ಕೇಳುವ ಹಕ್ಕು. ದೊರ್ವಾಲ್ ಅಭಿನಯಿಸಿದ ‘ರಾಕಿ’ಯನ್ನು ಯಾರಾದರೂ ವಿರೂಪಗೊಳಿಸಿದರೆ ಮನೆಯವರು ತಡೆಯಬಹುದು. ಅವರು ಎಂದೂ ಅಭಿನಯಿಸದ ‘ಆರ್ಮರ್’ಗೆ ಅವರ ನಾದ ಹೊದಿಸಿದರೆ ಅಲ್ಲಿ ವಿರೂಪಗೊಂಡ ಅಭಿನಯ ಯಾವುದು? ವಕೀಲರು ವಾದಿಸಬಹುದು, ದಾರಿ ಇಲ್ಲವೆಂದಲ್ಲ. ಆದರೆ ಅದು ಗಟ್ಟಿ ನೆಲವಲ್ಲ. ಬೆರ್ಜೆ ಕುಟುಂಬದ ಕೈಯಲ್ಲಿದ್ದ ನಿಜವಾದ ಬಲ ‘ಕೊನೆಯ ಮಾತು ನಮ್ಮದು’ ಎಂದು ಮುಂಚೆಯೇ ಬರೆಸಿಕೊಂಡ ಒಪ್ಪಂದ. ಜೊತೆಗೆ, ಸಚಿವೆಯೊಬ್ಬರು ಮಾತಾಡಿದರೆ ಮರುದಿನವೇ ದೇಶ ಕೇಳುತ್ತದೆ. ಹೆಸರಿಲ್ಲದ ಕಲಾವಿದನ ಮನೆಯವರಿಗೆ ಈ ಎರಡರಲ್ಲಿ ಒಂದೂ ಇರುವುದಿಲ್ಲ.

2024ರ ಮೇ 21ರ ಕಾನೂನು ಫ್ರೆಂಚ್ ದಂಡಸಂಹಿತೆಯ 226-8ನೇ ವಿಧಿಗೆ ಎಐ ನಕಲುಗಳನ್ನು ಸೇರಿಸಿತು. ಒಪ್ಪಿಗೆಯಿಲ್ಲದೆ ಒಬ್ಬರ ರೂಪವನ್ನೋ ಮಾತನ್ನೋ ಯಂತ್ರದಿಂದ ಸೃಷ್ಟಿಸಿ ಹಂಚಿದರೆ ಒಂದು ವರ್ಷ ಸೆರೆ, 15,000 ಯೂರೊ ದಂಡ. ಇಂಟರ್ನೆಟ್ ಮೂಲಕವಾದರೆ ಎರಡು ವರ್ಷ, 45,000 ಯೂರೊ. ಕೇಳಲು ಕಠಿಣ. ಆದರೆ ಇದು ಎಐ ಸೃಷ್ಟಿ ಎಂದು ಸ್ಪಷ್ಟವಾಗಿ ನಮೂದಿಸಿದ್ದರೆ ಈ ಅಪರಾಧ ನಿಲ್ಲುವುದಿಲ್ಲ. ವಂಚನೆ ತಡೆಯಲು ಬರೆದ ಕಾನೂನಿದು, ಕಸುಬು ಕಾಯಲು ಬರೆದದ್ದಲ್ಲ. ಚೀಟಿ ಅಂಟಿಸಿ ಮಾಡುವ ಡಬ್ಬಿಂಗನ್ನು ಅದು ತಡೆಯಲಾರದು.

ಬದುಕಿರುವವರ ಸ್ಥಿತಿ ತುಸು ಉತ್ತಮ ಎಂಬುದಕ್ಕೆ ಫ್ರಾಂಸ್ವಾಜ್ ಕದೋಲ್ ಪ್ರಕರಣ ಸಾಕ್ಷಿ. 1996ರಿಂದ ‘ಟೂಂಬ್ ರೈಡರ್’ ಗೇಮ್‌ಗಳಲ್ಲಿ ಲಾರಾ ಕ್ರಾಫ್ಟ್‌ಗೆ ಫ್ರೆಂಚ್ ಕಂಠ ಕೊಟ್ಟವರು ಇವರು. 2025ರ ಆಗಸ್ಟ್‌ನಲ್ಲಿ ಹಳೆಯ ಗೇಮ್‌ಗಳ ನವೀಕೃತ ಆವೃತ್ತಿಗೆ ಬಂದ ಅಪ್‌ಡೇಟ್‌ನಲ್ಲಿ ಲಾರಾಳ ಮಾತು ಸಹಜವಾಗಿಲ್ಲ ಎಂದು ಆಟಗಾರರು ಗಮನಿಸಿದರು. ಕದೋಲ್ ಲೀಗಲ್ ನೋಟಿಸ್ ಕಳಿಸಿದರು. ಪ್ರಕಾಶಕ ಸಂಸ್ಥೆ ಆಸ್ಪೈರ್, ಹೊರಗಿನ ಪಾಲುದಾರರೊಬ್ಬರು ತಮಗೆ ತಿಳಿಸದೆ ಎಐ ಬಳಸಿ ಮೂಲ ದನಿಯನ್ನು ಬದಲಿಸಿದ್ದಾರೆ ಎಂದು ಒಪ್ಪಿಕೊಂಡು ಆ ಭಾಗವನ್ನು ತೆಗೆಯಿತು. ನಕಲನ್ನು ಮೊದಲು ಹಿಡಿದದ್ದು ಅಭಿಮಾನಿಗಳ ಕಿವಿ ಎಂಬುದನ್ನು ಗಮನಿಸಬೇಕು. ಯಾರ ಕಿವಿಗೂ ಪರಿಚಯವಿಲ್ಲದ ಕಂಠವಾಗಿದ್ದರೆ ಅದು ಹಾಗೇ ದಾಟಿಹೋಗುತ್ತಿತ್ತು.

ನಮ್ಮ ಕಡೆ

ಈ ಪ್ರಶ್ನೆ ನಮ್ಮ ಮನೆಬಾಗಿಲಿಗೂ ಬಂದಾಗಿದೆ. ಕಮಲ್ ಹಾಸನ್ ಅವರ ಅನೇಕ ತೆಲುಗು ಆವೃತ್ತಿಗಳಿಗೆ ಕಂಠ ಕೊಟ್ಟಿದ್ದ, ಕನ್ನಡಿಗರು ತಮ್ಮವರೆಂದೇ ತಿಳಿದ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅವರ ದನಿಯನ್ನು ತೆಲುಗಿನ ‘ಕೀಡಾ ಕೋಲಾ’ ಚಿತ್ರದಲ್ಲಿ ಎಐ ಮೂಲಕ ಬಳಸಿದ್ದಕ್ಕೆ, 2024ರ ಆರಂಭದಲ್ಲಿ ಮಗ ಚರಣ್ ಲೀಗಲ್ ನೋಟಿಸ್ ಕಳಿಸಿದ್ದು ಬೆಳಕಿಗೆ ಬಂತು. ಅದೇ ಹೊತ್ತಿಗೆ ಎ.ಆರ್. ರೆಹಮಾನ್ ತೀರಿಕೊಂಡ ಇಬ್ಬರು ಗಾಯಕರ ದನಿಯನ್ನು ತಮಿಳು ಹಾಡೊಂದಕ್ಕೆ ಮರುಸೃಷ್ಟಿಸಿ, ಕುಟುಂಬಗಳ ಒಪ್ಪಿಗೆ ಪಡೆದು ಸಂಭಾವನೆ ಕೊಟ್ಟಿರುವುದಾಗಿ ತಿಳಿಸಿದ್ದರು. 2024ರ ಜುಲೈನಲ್ಲಿ ಅರಿಜಿತ್ ಸಿಂಗ್ ಅವರ ದಾವೆಯಲ್ಲಿ ಬಾಂಬೆ ಹೈಕೋರ್ಟ್ ಎಐ ಕಂಠನಕಲಿನ ವಿರುದ್ಧ ಮಧ್ಯಂತರ ರಕ್ಷಣೆ ನೀಡಿತು. ಇವೆಲ್ಲ ಹೆಸರು ಮಾಡಿದ ಗಾಯಕರ ಪ್ರಕರಣಗಳು. ಕಂಠದಾನ ಕಲಾವಿದರ ಹೆಸರಿನ ಪ್ರಕರಣ ಇವುಗಳಲ್ಲಿ ಒಂದೂ ಇಲ್ಲ.

ಕನ್ನಡದಲ್ಲಿ ಪರಭಾಷಾ ಚಿತ್ರಗಳ ಡಬ್ಬಿಂಗ್ ಮೇಲೆ ದಶಕಗಳ ಕಾಲ ಅನಧಿಕೃತ ನಿಷೇಧವಿತ್ತು. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗ ಅದರ ವಿರುದ್ಧ ಆದೇಶ ನೀಡಿದ ಮೇಲೆ ಬಾಗಿಲು ತೆರೆಯಿತು. ಕನ್ನಡ ಚಿತ್ರಗಳ ಕಲಾವಿದರಿಗೆ, ನಾಯಕಿಯರಿಗೆ ಕಂಠ ಕೊಡುವ ಕಸುಬು ಮೊದಲಿನಿಂದಲೂ ಇತ್ತು. ಆದರೆ ಫ್ರಾನ್ಸ್‌ನವರಿಗಿರುವ ಸಾಲಿನ ದರ, ಅವರು ಮುಷ್ಕರ ಮಾಡಿ ಗಳಿಸಿದ ಮರುಪ್ರಸಾರದ ಪಾಲು ಇಲ್ಲಿ ರೂಪುಗೊಳ್ಳುವ ಮೊದಲೇ ಯಂತ್ರ ಬಂದು ನಿಂತಿದೆ. ಹಾಗಾಗಿ ಕಲಾವಿದನಿಗೆ ಸದ್ಯಕ್ಕೆ ಉಳಿದಿರುವ ಸಾಧನ ತಾನು ಸಹಿ ಹಾಕುವ ಕಾಗದ.

ಆ ಕಾಗದದಲ್ಲಿ ‘ಈಗಿರುವ ಮತ್ತು ಮುಂದೆ ಬರಬಹುದಾದ ಎಲ್ಲ ಮಾಧ್ಯಮ, ಎಲ್ಲ ತಂತ್ರಜ್ಞಾನಕ್ಕೆ’ ಎಂಬ ಸಾಲಿದ್ದರೆ ಅದನ್ನು ಹೊಡೆದು ಹಾಕಿಸಬೇಕು, ಕಂಠ ಜಾರಿಹೋಗುವುದು ಆ ಸಾಲಿನ ಮೂಲಕ. ಸಂಭಾವನೆ ಈ ಚಿತ್ರಕ್ಕೆ, ಈ ಭಾಷೆಗೆ ಮಾತ್ರ ಎಂದಿರಬೇಕು. ಯಂತ್ರಕ್ಕೆ ಕಲಿಸುವುದು, ಬರಹದಿಂದ ಓದಿಸುವುದು, ಬೇರೆಯವರ ಅಭಿನಯದ ಮೇಲೆ ಹೊದಿಸುವುದು, ಈ ಮೂರನ್ನೂ ಬೇರೆ ಬೇರೆಯಾಗಿ ಹೆಸರಿಸಿ ಒಪ್ಪಿಗೆ ಇಲ್ಲವೆಂದೋ ಇಷ್ಟು ದರಕ್ಕೆಂದೋ ಬರೆಯಬೇಕು. ಮಿಶ್ರಣಕ್ಕೆ ಮುಂಚಿನ ಒಣ ರೆಕಾರ್ಡಿಂಗ್ ಯಾರ ಬಳಿ, ಎಷ್ಟು ಕಾಲ ಇರುತ್ತದೆ, ಯಾವಾಗ ಅಳಿಸಲಾಗುತ್ತದೆ ಎಂಬುದಕ್ಕೆ ಉತ್ತರ ಬೇಕು. ತಾನಿಲ್ಲದಾಗ ಹೌದು, ಇಲ್ಲ ಎನ್ನುವವರು ಯಾರು ಎಂದು ಒಬ್ಬರ ಹೆಸರು ಇರಬೇಕು.

ಇನ್ನೊಂದು ವಿಷಯವನ್ನು ನಮ್ಮಲ್ಲಿ ಹಗುರವಾಗಿ ನೋಡುವುದು ರೂಢಿಯಾಗಿದೆ, ಅದು ತೆರೆಯ ಮೇಲಿನ ಹೆಸರು. ಭಾರತದ ಕೃತಿಸ್ವಾಮ್ಯ ಕಾಯ್ದೆಯ 38, 38ಎ ಮತ್ತು 38ಬಿ ಕಲಮುಗಳು ಪ್ರದರ್ಶಕರಿಗೆ ಹಕ್ಕು ಕೊಡುತ್ತವೆ. ಆದರೆ ‘ಪ್ರದರ್ಶಕ’ ಯಾರು ಎಂದು ಹೇಳುವ 2(ಕ್ಯುಕ್ಯು) ಕಲಮಿಗೆ 2012ರ ತಿದ್ದುಪಡಿ ಒಂದು ಷರತ್ತು ಸೇರಿಸಿದೆ: ಚಿತ್ರವೊಂದರಲ್ಲಿ ಪ್ರಾಸಂಗಿಕ ಸ್ವರೂಪದ ಪ್ರದರ್ಶನ ನೀಡಿ, ಉದ್ಯಮದ ರೂಢಿಯಂತೆ ಕ್ರೆಡಿಟ್‌ನಲ್ಲೂ ಹೆಸರಿಸದ ವ್ಯಕ್ತಿಯನ್ನು ಪ್ರದರ್ಶಕ ಎಂದು ಪರಿಗಣಿಸುವುದಿಲ್ಲ. ಅಂತಹವರಿಗೆ ಉಳಿಯುವುದು ವಿರೂಪದ ವಿರುದ್ಧದ ಹಕ್ಕೊಂದೇ. ಗುಂಪಿನ ದನಿಗೆ, ಎರಡು ಸಾಲಿನ ಪಾತ್ರಕ್ಕೆ ಕಂಠ ಕೊಟ್ಟು ಹೆಸರು ಕೇಳದೆ ಎದ್ದುಬಂದವರ ಮೇಲೆ ಈ ಷರತ್ತನ್ನು ಪ್ರಯೋಗಿಸುವುದು ಸುಲಭ. ಕ್ರೆಡಿಟ್ ಪಟ್ಟಿಯಲ್ಲಿ ಹೆಸರು ಹಾಕಿಸಿಕೊಳ್ಳುವುದಕ್ಕೆ ನಿರ್ಮಾಪಕರಿಗೆ ಹೆಚ್ಚಿನ ಖರ್ಚಿಲ್ಲ. ಸ್ಟುಡಿಯೊದಿಂದ ಹೊರಡುವ ಮುನ್ನ ಅದನ್ನು ಬರಹದಲ್ಲಿ ಕೇಳಬಹುದು.